ಡಿಕ್ಕಿಯಾದ ಮೇಲೆ ಸಂವೇಗ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ. ನಮಗೆ ಸಂವೇಗದ ಪಾಠ ಮುಗಿದಿದೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ಅಂತ ಗೊತ್ತು, ಅಂಕಿ ಕೊಟ್ಟರೆ ಉತ್ತರವನ್ನೂ ತೆಗೆಯುತ್ತೇನೆ. ಆದರೆ ಅರ್ಥ ಆಗಿಲ್ಲ. ಒಂದೇ ತೂಕದ ಎರಡು ಜೇಡಿಮಣ್ಣಿನ ಉಂಡೆಗಳು ಎದುರುಬದುರಾಗಿ ಬಂದು ಡಿಕ್ಕಿ ಹೊಡೆದು ಅಂಟಿಕೊಂಡು ನಿಂತುಬಿಡುತ್ತವೆ. ಸಂವೇಗ ಸಂರಕ್ಷಿತ ಅನ್ನುತ್ತಾರೆ, ಹಾಗಾದರೆ ಅದು ಎಲ್ಲಿ ಹೋಯಿತು? ಗೋಡೆಗೆ ಬಡಿದ ಚೆಂಡು ವಾಪಸ್ ಬಂದಾಗ ಅದರ ಸಂವೇಗ ತಿರುಗಿಯೇ ಹೋಗುತ್ತದಲ್ಲ, ಅಲ್ಲಿ ನಿಯಮ ಸುಳ್ಳಾಗಲಿಲ್ಲವೇ? ಚಲನೆಯನ್ನು ಅಳೆಯಲು ಸಂವೇಗ ಇರುವಾಗ ಚಲನಶಕ್ತಿ ಅಂತ ಇನ್ನೊಂದು ಯಾಕೆ ಬೇಕು? ಸೂತ್ರ ನೆನಪಿದ್ದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಸೂತ್ರ ನೆನಪಿದ್ದರೆ ಸಾಲದು ಅನ್ನುವುದು ನಿನ್ನ ಪ್ರಶ್ನೆಗಳಲ್ಲೇ ಕಾಣುತ್ತಿದೆ. ಸೂತ್ರ ಗೊತ್ತಿದ್ದೂ ನೀನು ಸಿಕ್ಕಿಕೊಂಡಿದ್ದೀಯ, ಮತ್ತು ಸಿಕ್ಕಿಕೊಳ್ಳಬೇಕಾದ ಜಾಗದಲ್ಲೇ ಸಿಕ್ಕಿಕೊಂಡಿದ್ದೀಯ. ಈ ಪಾಠದಲ್ಲಿ ಸೂತ್ರ ಒಂದೇ ಸಾಲಿನದು. ಅದಕ್ಕೆ ಅಂಕಿ ತುಂಬುವ ಮೊದಲು ನಿನ್ನನ್ನು ನೀನೇ ಎರಡು ಮಾತು ಕೇಳಿಕೊಳ್ಳಬೇಕು: ಯಾವ ದಿಕ್ಕನ್ನು ಧನ ಎಂದು ಹಿಡಿದಿದ್ದೇನೆ? ಯಾವ ಯಾವ ವಸ್ತುಗಳನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ? ನಿನ್ನ ಮೊದಲ ಸಂಶಯ ದಿಕ್ಕಿನದು, ಎರಡನೆಯದು ಸೇರಿಸಿಕೊಳ್ಳುವುದರದು. ಮೂರನೆಯದು ಇವೆರಡಕ್ಕಿಂತ ದೊಡ್ಡದು, ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಜೇಡಿಮಣ್ಣಿನ ಉಂಡೆಗಳಿಂದ ಶುರು ಮಾಡೋಣ. ಒಂದೊಂದೂ ಅರ್ಧ ಕೆಜಿ, ಒಂದೊಂದರ ಜವವೂ (ದಿಕ್ಕನ್ನು ಲೆಕ್ಕಿಸದ ವೇಗ) ಸೆಕೆಂಡಿಗೆ 2 ಮೀಟರ್ ಅಂತ ಇಟ್ಟುಕೊ. ನೀನು ಮನಸ್ಸಿನಲ್ಲಿ ಮಾಡಿದ ಲೆಕ್ಕ ಬಹುಶಃ ಹೀಗಿತ್ತು: ಎಡಗಡೆಯದಕ್ಕೆ 1, ಬಲಗಡೆಯದಕ್ಕೆ 1, ಒಟ್ಟು 2, ಡಿಕ್ಕಿಯಾದ ಮೇಲೆ ಸೊನ್ನೆ. ಎರಡು ಮಾಯವಾಯಿತು! ಆದರೆ ಸಂವೇಗ ಸದಿಶ ಪರಿಮಾಣ, ಅಂದರೆ ಅದಕ್ಕೆ ದಿಕ್ಕೂ ಇದೆ. ಬಲಕ್ಕೆ ಹೋಗುವುದನ್ನು ಧನ ಎಂದರೆ ಎಡಕ್ಕೆ ಹೋಗುವುದು ಋಣ. ಮೊದಲ ಉಂಡೆಗೆ +1, ಎರಡನೆಯದಕ್ಕೆ −1. ಡಿಕ್ಕಿಗೆ ಮೊದಲೇ ಒಟ್ಟು ಸಂವೇಗ ಸೊನ್ನೆ, ಆದ ಮೇಲೂ ಸೊನ್ನೆ. ಏನೂ ಮಾಯವಾಗಿಲ್ಲ.

‘ಇದು ಚಿಹ್ನೆಯ ಚಮತ್ಕಾರ ಅಷ್ಟೇ, ಕಣ್ಣೆದುರು ಎರಡು ಉಂಡೆ ಓಡುತ್ತಿದ್ದದ್ದು ನಿಜ ತಾನೇ’ ಅಂತ ನಿನಗೆ ಅನ್ನಿಸಬಹುದು. ಅನ್ನಿಸಲಿ, ಪರೀಕ್ಷೆ ಮಾಡೋಣ. ಎಡಗಡೆಯ ಉಂಡೆಗೆ ಸ್ವಲ್ಪ ಮಣ್ಣು ಮೆತ್ತಿ 0.6 ಕೆಜಿ ಮಾಡು. ಈಗ ಡಿಕ್ಕಿಗೆ ಮೊದಲು +1.2 ಮತ್ತು −1.0, ಒಟ್ಟು +0.2. ಅಂಟಿಕೊಂಡ ಮುದ್ದೆ 1.1 ಕೆಜಿ. ಹಾಗಾದರೆ ಅದು ನಿಲ್ಲಬಾರದು, ಬಲಕ್ಕೆ ಸೆಕೆಂಡಿಗೆ ಸುಮಾರು 0.18 ಮೀಟರಿನಂತೆ ತೆವಳಬೇಕು. ಘರ್ಷಣೆ ಕಡಿಮೆಯಿರುವ ಕಡೆ ಮಾಡಿ ನೋಡಿದರೆ ತೆವಳುತ್ತದೆ, ಅದೂ ಬಲಕ್ಕೇ. ದಿಕ್ಕನ್ನು ಬಿಟ್ಟು 1.2ಕ್ಕೆ 1 ಕೂಡಿಸಿ 2.2 ಎಂದು ಹಿಡಿದಿದ್ದರೆ ಮುದ್ದೆ ಸೆಕೆಂಡಿಗೆ 2 ಮೀಟರ್ ಓಡಬೇಕಿತ್ತು. ಹಾಗೆ ಯಾವತ್ತೂ ಆಗುವುದಿಲ್ಲ. ಮುಂದೇನಾಗುತ್ತದೆಂದು ಮೊದಲೇ ಹೇಳಬಲ್ಲ ಲೆಕ್ಕ ಚಿಹ್ನೆ ಇರುವ ಲೆಕ್ಕವೇ.

ನೀನು ಎಡವಿದ ಜಾಗದಲ್ಲಿ ಫ್ರಾನ್ಸಿನ ಹೆಸರಾಂತ ತತ್ವಜ್ಞಾನಿ ರೆನೆ ದೆಕಾರ್ತ್ ಅಂಥವನೇ ಎಡವಿದ್ದ. ಜಗತ್ತಿನಲ್ಲಿರುವ ಒಟ್ಟು ಚಲನೆ ಬದಲಾಗುವುದಿಲ್ಲ ಎಂದು 1644ರಲ್ಲಿ ಅವನು ಬರೆದ. ಅದು ದೊಡ್ಡ ಹೊಳಹು. ಆದರೆ ಆ ಚಲನೆಯನ್ನು ಅವನು ಅಳೆದದ್ದು ವಸ್ತುವಿನ ಗಾತ್ರವನ್ನು ಜವದಿಂದ ಗುಣಿಸಿ. ದಿಕ್ಕು ಅವನ ಗುಣಾಕಾರದಲ್ಲಿ ಇರಲಿಲ್ಲ. ಹಾಗಾಗಿ ಅವನು ಕೊಟ್ಟ ಡಿಕ್ಕಿಯ ನಿಯಮಗಳಲ್ಲಿ ಹೆಚ್ಚಿನವು ಪ್ರಯೋಗಕ್ಕೆ ತಾಳೆಯಾಗಲಿಲ್ಲ. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಜಾನ್ ವಾಲಿಸ್, ಕ್ರಿಸ್ಟೋಫರ್ ರೆನ್, ಕ್ರಿಶ್ಚಿಯಾನ್ ಹೈಗನ್ಸ್ ಮೂವರೂ ಬೇರೆ ಬೇರೆಯಾಗಿ ಉತ್ತರ ಕಳಿಸಿದರು. ವಾಲಿಸ್ ಅಂಟಿಕೊಳ್ಳುವ ಮೆತ್ತನೆಯ ವಸ್ತುಗಳ ಡಿಕ್ಕಿಯನ್ನು ಬಿಡಿಸಿದ, ರೆನ್ ಮತ್ತು ಹೈಗನ್ಸ್ ಪುಟಿಯುವ ಗಟ್ಟಿ ವಸ್ತುಗಳದ್ದನ್ನು. ದಿಕ್ಕು ಬಿಟ್ಟು ಎಣಿಸಿದ ಚಲನೆ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಎದುರು ದಿಕ್ಕಿನದನ್ನು ಕಳೆದು ಎಣಿಸಿದರೆ ಮಾತ್ರ ಅದು ಬದಲಾಗುವುದಿಲ್ಲ ಎಂದು ಹೈಗನ್ಸ್ ಸ್ಪಷ್ಟವಾಗಿ ಬರೆದ. ನಿನ್ನ ಪಠ್ಯದಲ್ಲಿ ‘ವೇಗ’ ಎಂದು ಇದ್ದಲ್ಲಿ ‘ಜವ’ ಎಂದು ಓದಿಕೊಳ್ಳಬಾರದು ಎಂದು ಮೇಷ್ಟ್ರು ಅಷ್ಟು ಸಲ ಹೇಳುವುದು ಇದಕ್ಕೇ.

ಈಗ ಗೋಡೆಗೆ ಬಡಿದ ಚೆಂಡು. ಇದನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲೇ. 0.2 ಕೆಜಿಯ ಚೆಂಡು ಸೆಕೆಂಡಿಗೆ 5 ಮೀಟರ್ ಜವದಲ್ಲಿ ಗೋಡೆಗೆ ಬಡಿದು, 4 ಮೀಟರ್ ಜವದಲ್ಲಿ ಹಿಂದಕ್ಕೆ ಬರುತ್ತದೆ. ಸಂವೇಗದಲ್ಲಿ ಆದ ಬದಲಾವಣೆ ಎಷ್ಟು? ಬಹಳ ಮಕ್ಕಳು 5ರಲ್ಲಿ 4 ಕಳೆದು, 0.2ರಿಂದ ಗುಣಿಸಿ, 0.2 ಎಂದು ಬರೆಯುತ್ತಾರೆ. ಗೋಡೆಯಿಂದ ಆಚೆ ಬರುವ ದಿಕ್ಕನ್ನು ಧನ ಎಂದು ಹಿಡಿ. ಮೊದಲಿನ ಸಂವೇಗ −1.0, ಆಮೇಲಿನದು +0.8. ಬದಲಾವಣೆ ಎಂದರೆ ಆಮೇಲಿನದರಲ್ಲಿ ಮೊದಲಿನದನ್ನು ಕಳೆಯಬೇಕು: 0.8 − (−1.0) = 1.8. ಮಕ್ಕಳು ಬರೆದದ್ದರ ಒಂಬತ್ತು ಪಟ್ಟು. ಚೆಂಡು ಪುಟಿಯದೆ ಗೋಡೆಗೆ ಅಂಟಿಕೊಂಡಿದ್ದರೆ ಬದಲಾವಣೆ ಬರೀ 1.0 ಆಗುತ್ತಿತ್ತು. ಅಂದರೆ ಗೋಡೆ ಚೆಂಡನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಹಿಂದಕ್ಕೆ ಎಸೆಯಬೇಕು, ಎರಡು ಕೆಲಸ. ಪುಟಿಯುವ ಡಿಕ್ಕಿ ಅಂಟುವ ಡಿಕ್ಕಿಗಿಂತ ಹೆಚ್ಚು ತಳ್ಳುತ್ತದೆ ಎನ್ನುವುದನ್ನು ನೆನಪಿನಲ್ಲಿಡು, ಕೊನೆಯ ಕಡೆಗೆ ಬಾಹ್ಯಾಕಾಶದಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಚೆಂಡಿನ ಸಂವೇಗ ಬದಲಾದದ್ದು ನಿಜ. ಹಾಗಾದರೆ ಸಂರಕ್ಷಣಾ ನಿಯಮ ಸುಳ್ಳಾಯಿತೇ? ನಿಯಮದ ಮಾತನ್ನು ಪೂರ್ತಿಯಾಗಿ ಓದು: ಹೊರಗಿನ ಬಲ ಇಲ್ಲದಿದ್ದಾಗ ಒಂದು ವ್ಯವಸ್ಥೆಯ ಒಟ್ಟು ಸಂವೇಗ ಬದಲಾಗುವುದಿಲ್ಲ. ನೀನು ಚೆಂಡೊಂದನ್ನೇ ವ್ಯವಸ್ಥೆ ಎಂದು ಹಿಡಿದೆ. ಚೆಂಡಿಗೆ ಗೋಡೆ ಹೊರಗಿನದು, ಅದು ಬಲ ಹಾಕಿತು, ಸಂವೇಗ ಬದಲಾಯಿತು. ನಿಯಮ ಅದನ್ನು ತಡೆಯುವುದೇ ಇಲ್ಲ. ಗೋಡೆಯನ್ನೂ ಸೇರಿಸಿಕೊಂಡರೆ ಸಾಲದೇ? ಸಾಲದು, ಗೋಡೆ ನೆಲಕ್ಕೆ ನೆಟ್ಟಿದೆ, ಅದು ತನಗೆ ಬಂದದ್ದನ್ನು ನೆಲಕ್ಕೆ ದಾಟಿಸುತ್ತದೆ. ಆದ್ದರಿಂದ ಭೂಮಿಯನ್ನೂ ಸೇರಿಸು. ಆಗ ಲೆಕ್ಕ ಸರಿಹೋಗುತ್ತದೆ: ಚೆಂಡಿಗೆ +1.8 ಬಂದಿದ್ದರೆ ಭೂಮಿಗೆ −1.8 ಹೋಗಿದೆ. ಭೂಮಿಯ ದ್ರವ್ಯರಾಶಿ ಸುಮಾರು 6 × 10²⁴ ಕೆಜಿ. 1.8 ಅನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 3 × 10⁻²⁵ ಮೀಟರ್. ಯಾವ ಉಪಕರಣಕ್ಕೂ ಸಿಗದಷ್ಟು ಕಡಿಮೆ ವೇಗ, ಆದರೆ ಸಂವೇಗ ಮಾತ್ರ ಚೆಂಡಿಗೆ ಬಂದದ್ದರಷ್ಟೇ.

ಈ ಒಂದು ಉದಾಹರಣೆಯನ್ನು ಬಿಡಬೇಡ, ನಿನ್ನ ಮೂರನೇ ಪ್ರಶ್ನೆಯ ಬಾಗಿಲು ಇದರಲ್ಲೇ ಇದೆ. ಅದೇ ಡಿಕ್ಕಿಯಲ್ಲಿ ಶಕ್ತಿಯ ಲೆಕ್ಕ ಹಾಕು. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಚೆಂಡಿನ ಚಲನಶಕ್ತಿ ಮೊದಲು 2.5 ಜೂಲ್, ಆಮೇಲೆ 1.6 ಜೂಲ್, 0.9 ಜೂಲ್ ಹೋಗಿದೆ. ಅದು ಭೂಮಿಯ ಚಲನೆಗೆ ಹೋಯಿತೇ? ಭೂಮಿಗೆ ಸಿಕ್ಕ ಚಲನಶಕ್ತಿ ಲೆಕ್ಕ ಹಾಕಿದರೆ 3 × 10⁻²⁵ ಜೂಲಿಗಿಂತಲೂ ಕಡಿಮೆ. ಏನೂ ಇಲ್ಲವೆಂದೇ ಲೆಕ್ಕ. ಹೋದ ಶಕ್ತಿ ಚೆಂಡು, ಗೋಡೆ ಎರಡೂ ಕೊಂಚ ಬಿಸಿಯಾಗುವುದಕ್ಕೆ, ಬಡಿದ ಸದ್ದಿಗೆ ಹೋಯಿತು. ಒಂದೇ ಡಿಕ್ಕಿ, ಸಂವೇಗ ಪೂರ್ತಿ ಭೂಮಿಗೆ ದಾಟಿತು, ಶಕ್ತಿ ಹೆಚ್ಚುಕಡಿಮೆ ದಾಟಲೇ ಇಲ್ಲ. ಎರಡೂ ಒಂದೇ ಆಗಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಯಾವುದು ಏನನ್ನು ಅಳೆಯುತ್ತದೆ? ಎರಡು ವಸ್ತು ತೆಗೆದುಕೊ. ಒಂದು 1 ಕೆಜಿಯದು, ಸೆಕೆಂಡಿಗೆ 20 ಮೀಟರ್ ಓಡುತ್ತಿದೆ. ಇನ್ನೊಂದು 10 ಕೆಜಿಯದು, ಸೆಕೆಂಡಿಗೆ 2 ಮೀಟರ್. ಎರಡರ ಸಂವೇಗವೂ 20. ಚಲನಶಕ್ತಿ ಮಾತ್ರ ಮೊದಲನೆಯದಕ್ಕೆ 200 ಜೂಲ್, ಎರಡನೆಯದಕ್ಕೆ 20 ಜೂಲ್. ಈಗ ಎರಡನ್ನೂ ಹಿಂದಿನಿಂದ ಒಂದೇ ಬಲದಿಂದ, 10 ನ್ಯೂಟನ್‌ನಿಂದ, ಎಳೆದು ನಿಲ್ಲಿಸು. ಯಾವುದು ಮೊದಲು ನಿಲ್ಲುತ್ತದೆ? ಉತ್ತರ ನೋಡುವ ಮೊದಲು ನೀನೇ ಒಂದು ನಿಮಿಷ ಯೋಚಿಸು.

ಎರಡೂ ಒಟ್ಟಿಗೇ ನಿಲ್ಲುತ್ತವೆ, ಸರಿಯಾಗಿ 2 ಸೆಕೆಂಡಿಗೆ. ಹಗುರದ್ದರ ವೇಗ ಪ್ರತಿ ಸೆಕೆಂಡಿಗೆ 10ರಂತೆ ಇಳಿಯುತ್ತದೆ, 20 ಇಳಿಯಲು 2 ಸೆಕೆಂಡ್. ಭಾರದ್ದರ ವೇಗ ಸೆಕೆಂಡಿಗೆ 1ರಂತೆ ಇಳಿಯುತ್ತದೆ, 2 ಇಳಿಯಲು ಅದಕ್ಕೂ 2 ಸೆಕೆಂಡ್. ಆದರೆ ನಿಲ್ಲುವ ಹೊತ್ತಿಗೆ ಎಷ್ಟು ದೂರ ಹೋಗಿರುತ್ತವೆ? ಹಗುರದ್ದು 20 ಮೀಟರ್, ಭಾರದ್ದು ಬರೀ 2 ಮೀಟರ್. ಇದೇ ವ್ಯತ್ಯಾಸ. ಒಂದು ಬಲ ಇದನ್ನು ಎಷ್ಟು ಹೊತ್ತಿನಲ್ಲಿ ನಿಲ್ಲಿಸುತ್ತದೆ ಎಂದು ಕೇಳಿದರೆ ಉತ್ತರ ಸಂವೇಗದಲ್ಲಿದೆ. ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎಂದು ಕೇಳಿದರೆ ಉತ್ತರ ಚಲನಶಕ್ತಿಯಲ್ಲಿದೆ. ಬಲವನ್ನು ಕಾಲದಿಂದ ಗುಣಿಸಿದರೆ ಸಂವೇಗದ ಬದಲಾವಣೆ, ಬಲವನ್ನು ದೂರದಿಂದ ಗುಣಿಸಿದರೆ ಚಲನಶಕ್ತಿಯ ಬದಲಾವಣೆ. ಸಂವೇಗದ ಏಕಮಾನವನ್ನು ಕೆಜಿ ಮೀಟರ್ ಪ್ರತಿ ಸೆಕೆಂಡ್ ಎಂದು ಬಾಯಿಪಾಠ ಮಾಡಿರುತ್ತೀಯ. ಅದನ್ನೇ ನ್ಯೂಟನ್-ಸೆಕೆಂಡ್ ಎಂದೂ ಬರೆಯಬಹುದು, ಜೂಲ್ ಎಂದರೆ ನ್ಯೂಟನ್-ಮೀಟರ್. ಏಕಮಾನಗಳೇ ಈ ಕಥೆ ಹೇಳುತ್ತಿವೆ.

ಈ ಗೊಂದಲಕ್ಕೂ ದೊಡ್ಡ ಇತಿಹಾಸವಿದೆ. 1686ರಲ್ಲಿ ಲೈಬ್‌ನಿಟ್ಸ್ ದೆಕಾರ್ತನ ಅಳತೆ ತಪ್ಪು, ಚಲನೆಯ ನಿಜವಾದ ಅಳತೆಯಲ್ಲಿ ವೇಗದ ವರ್ಗ ಇರಬೇಕು ಎಂದು ವಾದ ಹೂಡಿದ. 1720ರ ದಶಕದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ವೇಗ ಎರಡು ಪಟ್ಟಾದಾಗ ಗುಂಡು ನಾಲ್ಕು ಪಟ್ಟು ಆಳಕ್ಕೆ ಇಳಿಯಿತು. ಫ್ರಾನ್ಸಿನ ಎಮಿಲಿ ದು ಶಾತ್‌ಲೆ 1740ರ ತನ್ನ ಭೌತವಿಜ್ಞಾನದ ಪುಸ್ತಕದಲ್ಲಿ ವೇಗದ ವರ್ಗದ ಪಕ್ಷವನ್ನು ಗಟ್ಟಿಯಾಗಿ ಹಿಡಿದಳು. ದಶಕಗಟ್ಟಲೆ ಎರಡು ಬಣಗಳು ಕಾದಾಡಿದವು. ಈಗ ಹಿಂತಿರುಗಿ ನೋಡಿದರೆ ಎರಡೂ ಬಣಗಳು ಸರಿ. ಮಣ್ಣಿಗೆ ಇಳಿದ ಆಳ ಎಂದರೆ ದೂರ, ಹಾಗಾಗಿ ಗ್ರಾವೆಸಾಂಡೆಗೆ ಕಂಡದ್ದು ವೇಗದ ವರ್ಗ. ಅದೇ ಗುಂಡು ಮಣ್ಣಿನಲ್ಲಿ ನಿಲ್ಲಲು ಹಿಡಿದ ಹೊತ್ತನ್ನು ಅಳೆಯಲು ಅವನ ಬಳಿ ಸಾಧನವಿದ್ದಿದ್ದರೆ, ವೇಗ ಎರಡು ಪಟ್ಟಾದಾಗ ಹೊತ್ತು ಎರಡೇ ಪಟ್ಟಾಗುವುದು ಕಾಣುತ್ತಿತ್ತು.

ಸಂವೇಗಕ್ಕೂ ಶಕ್ತಿಗೂ ಇನ್ನೊಂದು ವ್ಯತ್ಯಾಸವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಶಕ್ತಿ ವೇಷ ಬದಲಿಸುತ್ತದೆ: ಚಲನೆ ಶಾಖವಾಗುತ್ತದೆ, ಶಾಖ ಬೆಳಕಾಗುತ್ತದೆ. ಸಂವೇಗ ಹಾಗೆ ಶಾಖವಾಗಿ ಅಡಗಿ ಕೂರಲಾರದು. ಯಾಕೆ? ಆ ಎರಡು ಮಣ್ಣಿನ ಉಂಡೆಗಳನ್ನೇ ನೋಡು. ಅವುಗಳ ಒಟ್ಟು ಚಲನಶಕ್ತಿ 2 ಜೂಲ್ ಇತ್ತು, ಮುದ್ದೆ ನಿಂತ ಮೇಲೆ ಅದು ಮಣ್ಣನ್ನು ಅಪ್ಪಚ್ಚಿ ಮಾಡುತ್ತಾ ಶಾಖವಾಯಿತು. ಒಂದು ಡಿಗ್ರಿಯ ನೂರರಲ್ಲೊಂದು ಪಾಲಿನಷ್ಟೂ ಬಿಸಿ ಏರದು, ಮುಟ್ಟಿದರೆ ತಿಳಿಯದು, ಆದರೆ ಶಾಖ ಅಲ್ಲಿದೆ. ಶಾಖವೆಂದರೆ ಮಣ್ಣಿನ ಕಣಗಳ ಅಡ್ಡಾದಿಡ್ಡಿ ಕುಣಿತ. ಬಲಕ್ಕೆ ಹೋಗುವ ಕಣಗಳೆಷ್ಟೋ ಎಡಕ್ಕೆ ಹೋಗುವವೂ ಅಷ್ಟೇ. ಅವುಗಳ ಸಂವೇಗಗಳನ್ನು ದಿಕ್ಕು ಸಮೇತ ಕೂಡಿಸಿದರೆ ಸೊನ್ನೆ. ಶಕ್ತಿಗೆ ದಿಕ್ಕಿಲ್ಲ, ಅದು ಆ ಕುಣಿತದಲ್ಲಿ ಸೇರಿಕೊಳ್ಳಬಲ್ಲದು. ಸಂವೇಗಕ್ಕೆ ದಿಕ್ಕಿದೆ, ಅದಕ್ಕೆ ಆ ದಾರಿ ಇಲ್ಲ. ಆದ್ದರಿಂದಲೇ ಎಷ್ಟು ಕೆಟ್ಟ ಡಿಕ್ಕಿಯಾಗಲಿ, ಲೋಹ ಮುದುಡಲಿ, ಗಾಜು ಪುಡಿಯಾಗಲಿ, ಸಂವೇಗದ ಲೆಕ್ಕ ತಪ್ಪುವುದಿಲ್ಲ. ಚಲನಶಕ್ತಿಯ ಲೆಕ್ಕ ಪುಟಿಯುವ ಆದರ್ಶ ಡಿಕ್ಕಿಗಳಲ್ಲಿ ಮಾತ್ರ ನಿಲ್ಲುತ್ತದೆ.

ಬಲದ ಬಗ್ಗೆ ಎರಡು ಮಾತು. ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂದು ನೀನು ಕಲಿತಿದ್ದೀಯ. ನ್ಯೂಟನ್ 1687ರಲ್ಲಿ ಎರಡನೇ ನಿಯಮವನ್ನು ಹೇಳಿದ್ದು ಚಲನೆಯ ಪರಿಮಾಣದ ಬದಲಾವಣೆಯ ಮಾತಿನಲ್ಲಿ, ಅಂದರೆ ನಾವು ಇಂದು ಸಂವೇಗ ಎನ್ನುವುದರ ಮಾತಿನಲ್ಲಿ. ಬಲ ಎಂದರೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಪ್ರತಿ ಸೆಕೆಂಡಿಗೆ ಎಷ್ಟು ಸಂವೇಗ ದಾಟುತ್ತಿದೆ ಎನ್ನುವುದು. ಹೀಗೆ ನೋಡಿದರೆ ಮೂರನೇ ನಿಯಮವೂ ಸಲೀಸು: ಒಂದರಿಂದ ಹೋದದ್ದೇ ಇನ್ನೊಂದಕ್ಕೆ ಬಂದದ್ದು, ಎರಡೂ ಸಮ ಆಗಲೇಬೇಕು. ಕಾರಿನ ಏರ್‌ಬ್ಯಾಗ್ ಸಂವೇಗದ ಬದಲಾವಣೆಯನ್ನು ಕಡಿಮೆ ಮಾಡುತ್ತದೆ ಎಂದು ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ. ಇಲ್ಲ. 60 ಕೆಜಿಯ ಮನುಷ್ಯ ಗಂಟೆಗೆ 54 ಕಿ.ಮೀ. ವೇಗದಲ್ಲಿದ್ದರೆ, ಅಂದರೆ ಸೆಕೆಂಡಿಗೆ 15 ಮೀಟರ್, ಅವನ ಸಂವೇಗ 900. ಏರ್‌ಬ್ಯಾಗ್ ಇರಲಿ ಬಿಡಲಿ, ನಿಲ್ಲಬೇಕಾದರೆ ಆ 900 ಪೂರ್ತಿ ಹೋಗಲೇಬೇಕು. ಗಟ್ಟಿ ಭಾಗಕ್ಕೆ ಬಡಿದು ಸೆಕೆಂಡಿನ ನೂರರಲ್ಲೊಂದು ಪಾಲಿನಲ್ಲಿ ಹೋದರೆ ಸರಾಸರಿ ಬಲ 90,000 ನ್ಯೂಟನ್. ಹತ್ತರಲ್ಲೊಂದು ಪಾಲಿನಲ್ಲಿ ಹೋದರೆ 9,000. ಏರ್‌ಬ್ಯಾಗ್ ಕೊಡುವುದು ಸಮಯ. ಬಲವನ್ನು ಅಗಲವಾದ ಜಾಗಕ್ಕೆ ಹಂಚುವುದು ಅದರ ಇನ್ನೊಂದು ಉಪಕಾರ, ಆದರೆ ಅದು ಒತ್ತಡದ ಮಾತು, ಬೇರೆ ಪಾಠ.

ಇದನ್ನೆಲ್ಲ ಓದಿ ಒಪ್ಪಿಕೊಳ್ಳುವುದಕ್ಕಿಂತ ಒಂದು ಪ್ರಯೋಗ ಮಾಡುವುದು ಮೇಲು. ನಿಮ್ಮ ಪ್ರಯೋಗಾಲಯದಲ್ಲಿ ಸ್ಪ್ರಿಂಗ್ ಇರುವ ಟ್ರಾಲಿಗಳಿದ್ದರೆ ಮೇಷ್ಟ್ರನ್ನು ಕೇಳಿ ಇದನ್ನು ಮಾಡಿಸಿಕೊ. ಗಡಿಯಾರವೂ ಬೇಡ. ಸಮತಟ್ಟಾದ ಉದ್ದ ಮೇಜಿನ ಮೇಲೆ ಎರಡು ಟ್ರಾಲಿಗಳನ್ನು ನಡುವೆ ಸ್ಪ್ರಿಂಗ್ ಅದುಮಿಟ್ಟು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ. ಒಂದರ ಮೇಲೆ ತೂಕ ಹೇರಿ ಇನ್ನೊಂದರ ಎರಡರಷ್ಟು ಮಾಡಿ, 1 ಕೆಜಿ ಮತ್ತು 2 ಕೆಜಿ ಅನ್ನೋಣ. ಎರಡೂ ಕಡೆ ಸ್ವಲ್ಪ ದೂರದಲ್ಲಿ ಒಂದೊಂದು ಮರದ ತುಂಡು ಅಡ್ಡ ಇಡಿ. ಸ್ಪ್ರಿಂಗನ್ನು ಹಿಡಿದಿಟ್ಟಿರುವ ಕೀಲನ್ನು ಮೆಲ್ಲಗೆ ತಟ್ಟಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಟ್ರಾಲಿಗಳು ಎರಡು ಕಡೆಗೆ ಓಡುತ್ತವೆ, ತುಂಡಿಗೆ ಬಡಿದಾಗ ಟಕ್ ಎನ್ನುತ್ತವೆ. ತುಂಡುಗಳು ಸಮದೂರದಲ್ಲಿದ್ದರೆ ಎರಡು ಬೇರೆ ಬೇರೆ ಟಕ್ ಕೇಳುತ್ತದೆ. ತುಂಡುಗಳನ್ನು ಹಿಂದೆ ಮುಂದೆ ಸರಿಸುತ್ತಾ ಎರಡೂ ಸದ್ದು ಕೂಡಿ ಒಂದೇ ಟಕ್ ಆಗುವ ಜಾಗ ಹುಡುಕಿ. ಕಿವಿ ಇದನ್ನು ಬಹಳ ಸೂಕ್ಷ್ಮವಾಗಿ ಹಿಡಿಯುತ್ತದೆ. ಈಗ ದೂರ ಅಳೆಯಿರಿ. ಹಗುರ ಟ್ರಾಲಿ 60 ಸೆಂ.ಮೀ. ಹೋಗಿದ್ದರೆ ಭಾರದ್ದು ಸುಮಾರು 30 ಸೆಂ.ಮೀ. ಹೋಗಿರುತ್ತದೆ. ಒಂದೇ ಹೊತ್ತಿನಲ್ಲಿ ಹೋದ ದೂರಗಳಾದ್ದರಿಂದ ವೇಗಗಳೂ ಅದೇ ಪ್ರಮಾಣದಲ್ಲಿವೆ. 1 ಗುಣಿಸು 60, 2 ಗುಣಿಸು 30. ಸಮ.

ಅಳೆಯುವಾಗ ಒಂದು ಎಚ್ಚರ. ಟ್ರಾಲಿಯ ನಡುವಿನಿಂದಲ್ಲ, ಅದರ ಮುಂದಿನ ಅಂಚಿನಿಂದ ಮರದ ತುಂಡಿನವರೆಗೆ ಅಳೆಯಬೇಕು. ಟ್ರಾಲಿ ನಿಜವಾಗಿ ಹೋದ ದೂರ ಅಷ್ಟೇ. ಇದು ತಪ್ಪಿದರೆ ಎರಡಕ್ಕೆ ಒಂದು ಎನ್ನುವ ಪ್ರಮಾಣ ಕೆಟ್ಟು, ಮಕ್ಕಳು ನಿಯಮವನ್ನೇ ಅನುಮಾನಿಸುತ್ತಾರೆ. ದೂರಗಳನ್ನು ಬರೆದುಕೊಂಡಾದ ಮೇಲೆ ಶಕ್ತಿಯನ್ನೂ ಲೆಕ್ಕ ಹಾಕು. ವೇಗಗಳು 0.6 ಮತ್ತು 0.3 ಇದ್ದರೆ ಹಗುರದ್ದಕ್ಕೆ 0.18 ಜೂಲ್, ಭಾರದ್ದಕ್ಕೆ 0.09 ಜೂಲ್. ಸ್ಪ್ರಿಂಗ್ ಎರಡನ್ನೂ ಒಂದೇ ಬಲದಿಂದ ಒಂದೇ ಹೊತ್ತು ತಳ್ಳಿತು, ಅದಕ್ಕೇ ಸಂವೇಗ ಸಮ. ಆದರೆ ತಳ್ಳುವಷ್ಟು ಹೊತ್ತಿನಲ್ಲಿ ಹಗುರದ್ದು ಹೆಚ್ಚು ದೂರ ಸರಿದಿತ್ತು, ಅದಕ್ಕೇ ಶಕ್ತಿ ಎರಡು ಪಟ್ಟು. ಮೇಲೆ ಹೇಳಿದ ಹೊತ್ತು, ದೂರದ ಮಾತು ಒಂದೇ ಮೇಜಿನ ಮೇಲೆ ಕಾಣುತ್ತದೆ.

ಓಡುವ ಟ್ರಾಲಿ ನಿಂತ ಟ್ರಾಲಿಗೆ ಅಂಟಿಕೊಳ್ಳುವ ಪ್ರಯೋಗ ಮಾಡುವುದಾದರೆ ಹಲಗೆಯ ಒಂದು ತುದಿಯನ್ನು ಕೊಂಚ ಎತ್ತಿ, ತಳ್ಳಿಬಿಟ್ಟ ಟ್ರಾಲಿ ವೇಗ ಹೆಚ್ಚಿಸಿಕೊಳ್ಳದೆ, ಕಳೆದುಕೊಳ್ಳದೆ ಹೋಗುವ ಹಾಗೆ ಇಳಿಜಾರು ಹೊಂದಿಸಿಕೊಳ್ಳಬೇಕು. ಆಗ ಘರ್ಷಣೆಯ ಕಾಟ ಕಡಿಮೆ. ಆದರೂ ಡಿಕ್ಕಿಯಾದ ಮೇಲಿನ ಒಟ್ಟು ಸಂವೇಗ 0.30 ಬರಬೇಕಾದಲ್ಲಿ 0.28 ಬರುತ್ತದೆ. ಬಂದದ್ದನ್ನೇ ಬರೆ. 0.30 ಎಂದು ತಿದ್ದಿ ಬರೆದರೆ ಅಂಕ ಸಿಗಬಹುದು, ಆದರೆ ಆ 0.02 ಎಲ್ಲಿ ಹೋಯಿತು ಎಂದು ಹುಡುಕುವ ಅವಕಾಶ ಹೋಗುತ್ತದೆ. ಅದು ಹಲಗೆಗೆ, ಹಲಗೆಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ದಾಟಿದ ಸಂವೇಗ.

ಬಾಹ್ಯಾಕಾಶದ ಮಾತು ಎತ್ತಿದ್ದೆನಲ್ಲ. ಡೈಮಾರ್ಫಸ್ ಎಂಬುದು ಸುಮಾರು 160 ಮೀಟರ್ ಅಗಲದ ಒಂದು ಸಣ್ಣ ಕ್ಷುದ್ರಗ್ರಹ. ಡಿಡಿಮಸ್ ಎಂಬ ದೊಡ್ಡದರ ಸುತ್ತ 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಬೇಕೆಂದೇ ಅದಕ್ಕೆ ಹೋಗಿ ಬಡಿಯಿತು. ನೌಕೆಯ ದ್ರವ್ಯರಾಶಿ ಸುಮಾರು 580 ಕೆಜಿ, ಜವ ಸೆಕೆಂಡಿಗೆ ಸುಮಾರು 6.1 ಕಿ.ಮೀ. ಗುಣಿಸಿದರೆ ಸಂವೇಗ ಸುಮಾರು 35 ಲಕ್ಷ. ನೌಕೆ ಅಂಟಿಕೊಂಡು ನಿಂತಿದ್ದರೆ ಡೈಮಾರ್ಫಸ್‌ಗೆ ಸಿಗುತ್ತಿದ್ದದ್ದು ಅಷ್ಟೇ. ಆದರೆ ಕಕ್ಷೆಯ ಅವಧಿ ಸುಮಾರು 33 ನಿಮಿಷ ಕಡಿಮೆಯಾಯಿತು. ಲೆಕ್ಕ ಹಾಕಿದಾಗ ನೌಕೆ ತಂದದ್ದರ ಮೂರೂವರೆ ಪಟ್ಟಿಗಿಂತ ಹೆಚ್ಚು ಸಂವೇಗ ಅದಕ್ಕೆ ಸಿಕ್ಕಿತ್ತು. ಹೆಚ್ಚಿನದು ಎಲ್ಲಿಂದ ಬಂತು? ಬಡಿದ ಹೊಡೆತಕ್ಕೆ ಕಲ್ಲು ಪುಡಿ ರಾಶಿರಾಶಿಯಾಗಿ ನೌಕೆ ಬಂದ ದಿಕ್ಕಿಗೇ ಹಿಂದಕ್ಕೆ ಚಿಮ್ಮಿತು. ಹಿಂದಕ್ಕೆ ಹೋದ ಪುಡಿಯ ಸಂವೇಗ ಋಣ, ಒಟ್ಟು ಬದಲಾಗಬಾರದು, ಹಾಗಾಗಿ ಉಳಿದ ಕ್ಷುದ್ರಗ್ರಹಕ್ಕೆ ಮುಂದಕ್ಕೆ ಅಷ್ಟು ಹೆಚ್ಚು ಸಿಗಲೇಬೇಕು. ಗೋಡೆಗೆ ಬಡಿದು ಪುಟಿದ ಚೆಂಡು 1.0 ಬದಲು 1.8 ಕೊಟ್ಟಿತಲ್ಲ, ಅದೇ ಗಣಿತ. ಭೂಮಿಯತ್ತ ಬರುವ ಕ್ಷುದ್ರಗ್ರಹವನ್ನು ಪಕ್ಕಕ್ಕೆ ತಳ್ಳುವ ದಾರಿ ಇದು ಎಂದು ವಿಜ್ಞಾನಿಗಳು ನಂಬಿರುವುದು ನೀನು ಒಂಬತ್ತನೇ ತರಗತಿಯಲ್ಲಿ ಮಾಡುವ ಈ ಲೆಕ್ಕದ ಮೇಲೆ.

ರಾಕೆಟ್ಟಿನದೂ ಇದೇ ಲೆಕ್ಕ. ಅದು ಹಿಂದಿನ ಗಾಳಿಯನ್ನು ತಳ್ಳಿ ಮುಂದೆ ಹೋಗುತ್ತದೆ, ಗಾಳಿಯಿಲ್ಲದ ಕಡೆ ಹೋಗಲಾರದು ಎನ್ನುವ ತಪ್ಪು ಕಲ್ಪನೆ ಎಷ್ಟು ಗಟ್ಟಿಯಾಗಿತ್ತೆಂದರೆ, 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಾಕೆಟ್ ಸಂಶೋಧಕ ರಾಬರ್ಟ್ ಗೊಡಾರ್ಡ್‌ನನ್ನು ಸಂಪಾದಕೀಯದಲ್ಲೇ ಹಂಗಿಸಿತ್ತು. ಮನುಷ್ಯರು ಚಂದ್ರನತ್ತ ಹೊರಟ ಮರುದಿನ, 1969ರ ಜುಲೈ 17ರಂದು, ತಿದ್ದುಪಡಿ ಹಾಕಿತು. ರಾಕೆಟ್ ತಳ್ಳುವುದು ತನ್ನದೇ ಅನಿಲವನ್ನು. ಅನಿಲ ಹಿಂದಕ್ಕೆ ಒಯ್ದ ಸಂವೇಗದಷ್ಟೇ ರಾಕೆಟ್ಟಿಗೆ ಮುಂದಕ್ಕೆ.

ಇನ್ನು ನಿನ್ನ ಲೆಕ್ಕಗಳಿಗೆ. ಪ್ರಶ್ನೆ ಓದಿದ ತಕ್ಷಣ ಸೂತ್ರ ಬರೆಯಬೇಡ. ಮೊದಲು ಎರಡು ಚಿಕ್ಕ ಚಿತ್ರ ಬರೆ, ಡಿಕ್ಕಿಗೆ ಮೊದಲಿನದು ಮತ್ತು ಆಮೇಲಿನದು, ಪ್ರತಿ ವಸ್ತುವಿಗೂ ಬಾಣದ ಗುರುತು ಹಾಕು. ಯಾವ ಕಡೆ ಧನ ಎಂದು ಪಕ್ಕದಲ್ಲಿ ಬರೆದಿಡು, ಲೆಕ್ಕದ ನಡುವೆ ಅದನ್ನು ಬದಲಿಸಬೇಡ. ಲೆಕ್ಕಕ್ಕೆ ಸೇರಿದ ವಸ್ತುಗಳ ಸುತ್ತ ಒಂದು ಗೆರೆ ಎಳೆ. ಗೆರೆಯ ಹೊರಗಿನಿಂದ ಬರುವ ಬಲ ಏನಾದರೂ ಇದೆಯೇ ನೋಡು. ಡಿಕ್ಕಿ ಕ್ಷಣಾರ್ಧದ್ದಾದರೆ ಅಷ್ಟು ಹೊತ್ತಿನಲ್ಲಿ ಘರ್ಷಣೆ ದಾಟಿಸುವ ಸಂವೇಗ ಬಹಳ ಕಡಿಮೆ, ಅದನ್ನು ಬಿಡಬಹುದು. ಉತ್ತರ ಋಣವಾಗಿ ಬಂದರೆ ಹೆದರಬೇಡ, ಅಳಿಸಲೂ ಬೇಡ. ವಸ್ತು ನೀನು ಎಣಿಸಿದ್ದಕ್ಕೆ ಎದುರು ದಿಕ್ಕಿನಲ್ಲಿ ಹೋಗುತ್ತಿದೆ ಎಂದು ಒಂದು ಸಾಲು ಸೇರಿಸು.

ಕೊನೆಗೆ, ಗೆರೆ ಎಳೆಯುವ ಅಭ್ಯಾಸಕ್ಕೆ ಒಂದು ಲೆಕ್ಕ. 4 ಕೆಜಿಯ ಟ್ರಾಲಿ ಘರ್ಷಣೆಯಿಲ್ಲದ ಸಮತಟ್ಟು ಹಳಿಯ ಮೇಲೆ ಸೆಕೆಂಡಿಗೆ 3 ಮೀಟರಿನಂತೆ ಹೋಗುತ್ತಿದೆ. ಮೇಲಿನಿಂದ 2 ಕೆಜಿ ಮರಳು ನೇರವಾಗಿ ಅದರೊಳಗೆ ಬೀಳುತ್ತದೆ. ಬೀಳುವ ಮರಳಿಗೆ ಅಡ್ಡ ದಿಕ್ಕಿನ ಸಂವೇಗ ಇಲ್ಲ, ಹಾಗಾಗಿ ಒಟ್ಟು 12 ಈಗ 6 ಕೆಜಿಗೆ ಹಂಚಿಹೋಗಿ ವೇಗ 2ಕ್ಕೆ ಇಳಿಯುತ್ತದೆ. ಇದು ಸುಲಭ. ಈಗ ಟ್ರಾಲಿಯ ತಳದಲ್ಲಿ ತೂತು ಬಿದ್ದು ಅಷ್ಟೂ ಮರಳು ಕೆಳಗೆ ಸೋರಿಹೋಗುತ್ತದೆ. ಟ್ರಾಲಿ ಮತ್ತೆ 4 ಕೆಜಿ. ಅದರ ವೇಗ ಮತ್ತೆ 3 ಆಗುತ್ತದೆಯೇ? ಆಗುತ್ತದೆ ಎಂದು ಬರೆಯುವವರೇ ಹೆಚ್ಚು. ಮರಳಿನ ಸುತ್ತಲೂ ಗೆರೆ ಎಳೆದು ನೋಡು: ತೂತಿನಿಂದ ಆಚೆ ಬಂದ ಮರಳು ಕೆಳಗೆ ಬೀಳುತ್ತಲೇ ಟ್ರಾಲಿಯ ಜೊತೆಗೆ ಮುಂದಕ್ಕೂ 2ರ ವೇಗದಲ್ಲೇ ಹೋಗುತ್ತಿದೆ. ಟ್ರಾಲಿಯದು 8, ಮರಳಿನದು 4, ಕೂಡಿದರೆ 12. ಆದ್ದರಿಂದ ಟ್ರಾಲಿಯ ವೇಗ 2ರಲ್ಲೇ ಉಳಿಯುತ್ತದೆ. ಮರಳು ನೆಲ ಮುಟ್ಟಿ ನಿಂತಾಗ ಅದರ 4 ನೆಲಕ್ಕೆ ಹೋಗುತ್ತದೆ, ಟ್ರಾಲಿಗೆ ವಾಪಸ್ ಬರುವುದಿಲ್ಲ.